ಸೂರ್ಯ ಮುಳುಗುವ ಪಿರಿಯಡ್

ಮನುಷ್ಯನ ದುರ್ಗುಣಗಳಿಗೆ ಒಂದೊಂದು ವಾಸನೆ ಇರುತ್ತದೆ ಎಂದು ಯಾವ ಶಾಸ್ತ್ರದಲ್ಲೂ ಬರೆದಂತಿಲ್ಲ. ಬರೆಯುವ ವಿಚಾರ ಯಾರಿಗಾದರೂ ಇದ್ದರೆ, ಮತ್ಸರದ ಮುಂದೆ ಶೇಂಗಾ ಚಟ್ನಿ ಎಂದು ನಮೂದಿಸಬೇಕೆಂದು ನನ್ನ ವಿನಂತಿ.

ಮೊನ್ನೆ ಭಾನುವಾರ ಕೋಟೆ ಕೆರೆಯ ಉದ್ಯಾನದಲ್ಲಿ ಬೆಂಚಿನ ಮೇಲೆ ಕೂತು ನೀರು ನೋಡುತ್ತಿದ್ದೆ. ಬಾಜು ಬೆಂಚಿಗೆ ಒಂದು ಕುಟುಂಬ ಬಂದು ಕೂತಿತು. ತಾಯಿ ಡಬ್ಬಿಯ ಮುಚ್ಚಳ ತೆಗೆದಳು. ಹಾಲಿನಲ್ಲಿ ಹಿಟ್ಟು ಕಲಸಿದ ದಶಮಿ ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿ. ಬೆಳ್ಳುಳ್ಳಿ ಇಲ್ಲದ್ದು, ಜೀರಿಗೆ ಮುಂದಾಗಿದ್ದು, ಅಂದರೆ ನಮ್ಮ ಜೈನರ ಮನೆಗಳದ್ದು. ಗಾಳಿ ಅದನ್ನು ನನ್ನ ಮೂಗಿಗೆ ತಲುಪಿಸಿದ್ದೇ ತಡ, ನಾನು ಕೆರೆಯ ದಂಡೆಯಲ್ಲಿ ಇರಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಚಳಿಗಾಲಕ್ಕೆ ಹೋಗಿ, ಕಿಟಕಿ ಮುಚ್ಚಿದ ಒಂದು ಟೆಂಪೋದ ಕೊನೆಯ ಸೀಟಿನಲ್ಲಿ ಕೂತಿದ್ದೆ. ಹೊಟ್ಟೆ ತುಂಬಿತ್ತು. ಅದೇ ದುಃಖವಾಗಿತ್ತು.

ಮೊದಲು ನನ್ನ ಅಧಿಕಾರದ ಬಗ್ಗೆ ಎರಡು ಮಾತು ಹೇಳಬೇಕು. ಬೆಳಗಾವಿಯ ಹೈಸ್ಕೂಲೊಂದರಲ್ಲಿ ನಾನು ಗಣಿತದ ಮಾಸ್ತರನಾಗಿದ್ದೆ. ಆದರೆ ಗಣಿತ ಹೊಟ್ಟೆಪಾಡು. ನನ್ನ ನಿಜವಾದ ಸಿಂಹಾಸನ ವೇಳಾಪಟ್ಟಿ. ಹೆಡ್‌ಮಾಸ್ತರರು ಬಂದರು, ಹೋದರು, ವೇಳಾಪಟ್ಟಿ ಮಾತ್ರ ನನ್ನ ಕೈ ಬಿಡಲಿಲ್ಲ. ನಿವೃತ್ತಿಯಾದಾಗ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಗಂಟೆಯನ್ನು ಅಲ್ಲೇ ಉಳಿಸಿಕೊಂಡು ನನ್ನನ್ನು ಮನೆಗೆ ಕಳಿಸಿದರು. ಆಳಲು ಪ್ರಜೆಗಳಿಲ್ಲದ ಆ ದಿನಗಳಲ್ಲಿ ಮಹಾಂತೇಶ ನಗರದ ನಮ್ಮ ಓಣಿ ನನ್ನ ಕಣ್ಣಿಗೆ ಬಿತ್ತು. ಓಣಿಯವರ ಒಂದು ದಿನದ ತಿರುಗಾಟಗಳನ್ನು ನಾನು ವಹಿಸಿಕೊಂಡೆ. ಭಾನುವಾರಗಳಲ್ಲಿ ಕೋಟೆ ಕೆರೆ ಇಲ್ಲವೇ ವ್ಯಾಕ್ಸಿನ್ ಡಿಪೋ ಉದ್ಯಾನ. ಚಳಿಗಾಲ ಇಳಿಯುವ ಮುಂಚೆ ಒಂದು ಸಲ ಗೋವಾದ ಸಮುದ್ರ.

ಎಲ್ಲವೂ ಪಿರಿಯಡ್ ಪ್ರಕಾರ ನಡೆಯುತ್ತಿತ್ತು. ನಡಿಗೆಯ ಪಿರಿಯಡ್, ಹೂ ನೋಡುವ ಪಿರಿಯಡ್, ಉಪಾಹಾರ, ಸ್ವತಂತ್ರ ಹರಟೆ. ಪಿರಿಯಡ್ ಮುಗಿಯಿತೆಂದು ತಿಳಿಸಲು ಕೊರಳಲ್ಲಿ ಊದುವ ಒಂದು ಸೀಟಿ. ಜನ ಗೊಣಗುತ್ತಿದ್ದರು, ಬರುತ್ತಿದ್ದರು. ಶಿಸ್ತು ಇದೆಯೋ ಇಲ್ಲವೋ ಎನ್ನಲು ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ.

ಸಮುದ್ರದ ವೇಳಾಪಟ್ಟಿ ಮಾತ್ರ ನನ್ನ ಕೃತಿಗಳಲ್ಲೇ ಕಿರೀಟಪ್ರಾಯವಾದದ್ದು. ನಮ್ಮ ಓಣಿಯಲ್ಲಿ ಅರ್ಧ ಜೈನರ ಮನೆಗಳು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ತುತ್ತು ಬಾಯಿಗೆ ಹೋಗುವುದಿಲ್ಲ. ಆದ್ದರಿಂದ ಬಿಸಿಲಿರುವಾಗಲೇ ಮರಳಿನ ಮೇಲೆ ಊಟ, ಡಬ್ಬಿ ತೊಳೆಯುವುದು, ಸೀಟಿ, ವಾಹನಾರೋಹಣ. ಘಾಟಿನ ರಸ್ತೆ ಪೂರ್ತಿ ಕತ್ತಲಾಗುವ ಮುನ್ನ ಹತ್ತಬೇಕಲ್ಲ. ನಾವು ಹೊರಟ ಮೇಲೆ ಸೂರ್ಯ ಏನು ಮಾಡಿಕೊಳ್ಳುತ್ತಾನೋ ಅದು ಅವನ ಸ್ವಂತ ವಿಚಾರ ಎಂದು ನಾನು ಬಗೆದಿದ್ದೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಎದುರು ಮನೆಗೆ ಮಾರುತಿ ಪಾಟೀಲರು ಬಂದರು. ಖಾನಾಪುರದ ಕಡೆಯವರು. ಅಜ್ಜ ಕುರಿ ಕಾಯ್ದರು, ನಾನು ಸರಕಾರಿ ಕಚೇರಿಯಲ್ಲಿ ಕುರ್ಚಿ ಕಾಯ್ದೆ ಎಂದು ತಾವೇ ಹೇಳಿಕೊಂಡು ನಗುವ ಮನುಷ್ಯ. ಕನ್ನಡದಲ್ಲಿ ಹತ್ತಿದ ಮಾತು ಮರಾಠಿಯಲ್ಲಿ ಇಳಿಯುತ್ತಿತ್ತು. ಬಂದ ವಾರದೊಳಗೆ ಓಣಿಯ ನಾಯಿಗಳ ಸಹಿತ ಎಲ್ಲರೂ ಅವರ ಪರಿಚಯಸ್ಥರಾದರು. ನಾನು ಅದೇ ನಾಯಿಗಳನ್ನು ವರ್ಷಗಟ್ಟಲೆ ನೋಡಿದ್ದೇನೆ. ಒಂದಾದರೂ ನನಗೆ ಬಾಲ ಅಲ್ಲಾಡಿಸಿದ್ದು ನೆನಪಿಲ್ಲ.

ಮೊದಲ ಪೆಟ್ಟು ವಾಟ್ಸಾಪ್ ಮೇಲೆ ಬಿತ್ತು. ಭಾನುವಾರದ ವ್ಯಾಕ್ಸಿನ್ ಡಿಪೋ ಕಾರ್ಯಕ್ರಮವನ್ನು ನಾನು ಎಂದಿನಂತೆ ಓಣಿಯ ಗುಂಪಿಗೆ ಹಾಕಿದೆ. ಅದರ ಕೆಳಗೆ ಪಾಟೀಲರು ಬರೆದರು: "ಮಾಸ್ತರ, ಏಳಕ್ಕ ಎದ್ದವ್ರು ಏಳಕ್ಕ ಬರ್ಲಿ, ಎಂಟಕ್ಕ ಎದ್ದವ್ರು ಎಂಟಕ್ಕ ಬರ್ಲಿ. ಗಿಡಾ ಏನ್ ಓಡಿ ಹೋಗೂದಿಲ್ಲ." ಅದಕ್ಕೆ ನಗುವ ಮುಖಗಳ ಸುರಿಮಳೆ. ಅವುಗಳಲ್ಲಿ ಒಂದು ಮುಖ ನನ್ನದೇ ಮನೆಯ ಅಡುಗೆಮನೆಯಿಂದ ಹೋಗಿತ್ತು.

ಅಡುಗೆಮನೆಯಲ್ಲಿ ಇದ್ದವಳು ಸುಶೀಲಾ, ನನ್ನ ಹೆಂಡತಿ.

ಆ ಭಾನುವಾರ ಜನ ಎಂಟಕ್ಕೂ ಬಂದರು, ಒಂಬತ್ತಕ್ಕೂ ಬಂದರು. ಹೂ ನೋಡುವ ಪಿರಿಯಡ್ ಹೇಳಹೆಸರಿಲ್ಲದೆ ಹೋಯಿತು. ಅದರ ಜಾಗದಲ್ಲಿ ಪಾಟೀಲರು ಹೆಂಚಿನ ಚೂರುಗಳನ್ನು ಒಟ್ಟಿ ಲಗೋರಿ ಆಡಿಸಿದರು. ಮೂಲೆಮನೆಯ ಚೌಗುಲೆ ಕಾಕು, ದೇವರ ಗುಡಿಗೆ ಹೋಗಲೂ ಆಟೋ ಕರೆಸುವವರು, ಚೆಂಡು ಹೊಡೆದು ಓಡಿದರು. ನಾನು ಮರದ ಕೆಳಗೆ ಗಾಂಭೀರ್ಯದಿಂದ ಕೂತಿದ್ದೆ. ಯಾರೂ ನನ್ನ ಗಾಂಭೀರ್ಯದ ಕಡೆ ನೋಡಲಿಲ್ಲ. ಸುಶೀಲಾ ನಗುತ್ತಿದ್ದಳು. ಅವಳು ನಕ್ಕಾಗಲೆಲ್ಲ ಸೆರಗು ಬಾಯಿಗೆ ಬರುತ್ತದೆ. ಮದುವೆಯಾದಾಗಿನಿಂದ ನಾನು ನೋಡಿದ ನಗು ಅದೇ, ಸೆರಗಿನ ಹಿಂದಿನದು. ಅಂದು ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಅವಳ ಎಡಗಡೆಯ ಹಲ್ಲೊಂದು ತುಸು ಮುಂದೆ ಬಂದಿದೆ ಎಂಬುದು ನನಗೆ ಆವತ್ತು ಗೊತ್ತಾಯಿತು. ಪಾಟೀಲರಿಗೂ ಗೊತ್ತಾಯಿತು.

ಮನೆಗೆ ಬಂದ ಮೇಲೆ ಕೇಳಿದೆ. "ಅಷ್ಟ ನಗಾಕ ಏನಿತ್ತು?"

"ನಗಾಕ ಏನರ ಇರಬೇಕೇನ್ರೀ?" ಎಂದಳು.

ಗಣಿತದಲ್ಲಿ ಇಂಥ ಉತ್ತರಕ್ಕೆ ಅಂಕವಿಲ್ಲ.

ಎರಡನೆಯ ಪೆಟ್ಟು ಸಂಕ್ರಾಂತಿ ಆದ ಮೇಲೆ, ಇದೇ ಕೋಟೆ ಕೆರೆಯ ದಂಡೆಯಲ್ಲಿ ಬಿತ್ತು. ಚುರುಮುರಿ ತಿನ್ನುತ್ತ ಎಲ್ಲರೂ ಸಮುದ್ರದ ಮಾತು ತೆಗೆದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಾಟೀಲರು ಸುಶೀಲಾಳ ಕಡೆ ತಿರುಗಿದರು. "ವೈನಿ, ಸಮುದ್ರಕ್ಕ ಹೋದ್ರ ನಿಮಗ ಏನ್ ನೋಡಬೇಕಾಗೈತಿ?"

ಇದು ಕೇಳುವ ಪ್ರಶ್ನೆಯೆಂದು ನನಗೆ ಹೊಳೆದಿರಲಿಲ್ಲ. ಸಮುದ್ರಕ್ಕೆ ಹೋದರೆ ಸಮುದ್ರ ನೋಡುತ್ತಾರೆ, ಅದಕ್ಕೊಂದು ಪಿರಿಯಡ್ ಇದೆ. ಆದರೆ ಸುಶೀಲಾ ಬಾಯಿಗೆ ಒಯ್ದ ಚುರುಮುರಿಯನ್ನು ಮತ್ತೆ ಪೊಟ್ಟಣಕ್ಕೆ ಹಾಕಿದಳು. ಆಮೇಲೆ ಅಂದಳು: "ಸೂರ್ಯಾ ನೀರಾಗ ಇಳಿಯೂದು ಒಮ್ಮಿ ನೋಡಬೇಕ್ರಿ. ಇಷ್ಟ ಸಲ ಹೋಗೇವಿ, ನೋಡೇ ಇಲ್ಲ. ಆ ಹೊತ್ತಿಗೆ ನಾವು ಡಬ್ಬಿ ತೊಳದು ಗಾಡ್ಯಾಗ ಕುಂತಿರ್ತೇವಿ."

"ಅಷ್ಟ ಏನ? ನಾಕಕ್ಕ ಉಂಡ ಬಿಡೂಣು. ಆಮ್ಯಾಲ ಸೂರ್ಯಾ ಎಷ್ಟೊತ್ತಿಗರ ಮುಳಗ್ಲಿ, ಕುಂತ ನೋಡೂಣು. ಘಾಟ ಕತ್ತಲ್ಯಾಗೂ ಇರ್ತೈತಿ, ಎಲ್ಲಿ ಹೋಗ್ತೈತಿ?" ಎಂದರು ಪಾಟೀಲರು.

ಅಷ್ಟೇ. ಇಷ್ಟು ವರ್ಷ ನಾನು ಕಟ್ಟಿದ ಕೋಟೆಗೆ ಆ ಮನುಷ್ಯ ಚುರುಮುರಿ ತಿನ್ನುತ್ತ ಒಂದು ಬಾಗಿಲು ಕೊರೆದುಬಿಟ್ಟರು. ಉಪಾಯ ಅವರಿಗೆ ಹೊಳೆದದ್ದು ಬೇರೆ ಮಾತು. ಎರಡೂ ಕೈಯಿಂದ ಚಪ್ಪಾಳೆ ತಟ್ಟಿ ಅದನ್ನು ಮರೆಯಬಹುದಿತ್ತು. ಆದರೆ ಒಂದೇ ಸೂರಿನ ಕೆಳಗೆ ನನಗೆ ಚಹಾ ಕೊಟ್ಟವಳು, ನನ್ನ ಚಷ್ಮಾ ಹುಡುಕಿ ಕೊಟ್ಟವಳು, ಈ ಒಂದು ಆಸೆಯನ್ನು ಎಲ್ಲಿಟ್ಟಿದ್ದಳು? ನನ್ನ ಮುಂದೆ ಎಂದೂ ತೆಗೆಯದೆ, ಮೂರು ತಿಂಗಳ ಹಿಂದೆ ಬಂದ ಎದುರು ಮನೆಯವರ ಮುಂದೆ ತೆಗೆದಿಟ್ಟಳಲ್ಲ!

ಆಟೋದಲ್ಲಿ ಬರುವಾಗ ಕೇಳಿಯೇಬಿಟ್ಟೆ. "ನನಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ," ಎಂದಳು. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿರುತ್ತಿತ್ತು. ತರಕಾರಿಯ ದರ ಹೇಳಿದ ಹಾಗೆ ಹೇಳಿದಳು.

ಆ ವಾರ ನಾನು ಅನ್ನ ನೀರಿನ ಕಡೆ ಗಮನವಿಲ್ಲದೆ ಹೊಸ ವೇಳಾಪಟ್ಟಿ ರಚಿಸಿದೆ. ಅದರಲ್ಲಿ, ನನ್ನ ಕೈಯಿಂದ ಮೊದಲ ಬಾರಿಗೆ, 'ಸೂರ್ಯ ಮುಳುಗುವ ಪಿರಿಯಡ್' ಎಂಬ ಸಾಲು ಮೂಡಿತು. ಅಡಿಗೆರೆ ಸಹಿತ. ಗುಂಪಿಗೆ ಹಾಕಿದೆ. ಚೌಗುಲೆ ಕಾಕು ಧ್ವನಿಸಂದೇಶ ಕಳಿಸಿದರು: "ಮಾಸ್ತರ, ಭಾಳ ಛಂದ ಬರದೀರಿ. ಆದ್ರ ಈ ಸಲ ಪಾಟೀಲರು ಕರಕೊಂಡು ಹೋಗ್ಲಿ. ನೀವು ಜರಾ ಆರಾಮ ತಗೋರಿ." ಮುಂದಿನ ಭಾನುವಾರ ಕೆರೆಯ ದಂಡೆಯಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡಿದರು. ಓಣಿಯ ಕೈಗಳೆಲ್ಲ ಪಾಟೀಲರ ಕಡೆ ಎದ್ದವು. ಸುಶೀಲಾಳ ಕೈಯೂ ಮೇಲೆ ಹೋಯಿತು. ಹೋಗಿ ತಲೆಯ ಮೇಲಿನ ಸೆರಗನ್ನು ಸರಿಪಡಿಸಿತು. ಅದು ಮತವೋ ಸೆರಗೋ ಎಂಬ ಪ್ರಕರಣ ಇಂದಿಗೂ ತನಿಖೆಯಲ್ಲಿದೆ.

ಹೊರಡುವ ದಿನ ಆಟೋ ನಗರದ ಸಲೀಮ್‌ನ ಟೆಂಪೋ ಬಂತು. ವಾರವೆಲ್ಲ ಗ್ಯಾರೇಜಿನಲ್ಲಿ ಬೇರೆಯವರ ಗಾಡಿ ಬಿಚ್ಚಿ, ರವಿವಾರ ತನ್ನದನ್ನು ಓಡಿಸುವವನು ಅವನು. ಪ್ರತಿಯೊಬ್ಬರ ಕೈಯಲ್ಲೂ ದಶಮಿಯ ಡಬ್ಬಿ, ನಾಲ್ಕಕ್ಕೆ ಮರಳಿನ ಮೇಲೆ ಉಣ್ಣಲು. ನಾನು ವಿರೋಧ ಪಕ್ಷಕ್ಕೆ ತಕ್ಕಂತೆ ಕೊನೆಯ ಸೀಟಿನಲ್ಲಿ ಕೂತೆ. ಸೀಟಿ ಅಂಗಿಯೊಳಗೆ ಇತ್ತು. ಪದಚ್ಯುತ ರಾಜರೂ ಮುದ್ರೆಯುಂಗುರವನ್ನು ಹಾಗೇ ಇಟ್ಟುಕೊಳ್ಳುತ್ತಿದ್ದರಂತೆ.

ಈಗ ಒಂದು ಸತ್ಯವನ್ನು ಅರಿಯಬೇಕು: ಖಾನಾಪುರದ ಮನುಷ್ಯ ಖಾನಾಪುರವನ್ನು ದಾಟಲಾರ. ಅದನ್ನು ಹಾಯ್ದು ಹೋಗುವ ರಸ್ತೆ ಇರುವುದು ನಿಮಗೆ ನಮಗೆ. ಅವನಿಗೆ ಅಲ್ಲಿ ಅಕ್ಕ ಇರುತ್ತಾಳೆ.

"ಬರೇ ಒಂದ ಕಪ್ ಚಾ," ಎಂದರು ಪಾಟೀಲರು. ಅವರ ಅಕ್ಕ ಬಾಗಿಲಲ್ಲೇ ನಿಂತಿದ್ದರು. "ಯಾ, ಯಾ, ಒಳಗ ಬರ್ರಿ, ಕುಂದರ್ರಿ! ನಮ್ಮ ಮಾರುತಿ ಬೆಳಗಾವ್ಯಾಗ ಒಂದ ಊರ ಕಟ್ಟ್ಯಾನಲ್ಲ!" ಚಹಾ ಬಂತು, ಅವಲಕ್ಕಿ ಬಂತು, ಅಕ್ಕನ ಬಾಜು ಮನೆಯವರು ಬಂದರು. ಹಿತ್ತಲ ಬಾಳೆ ನೋಡಿದೆವು. ಹೊರಬಿದ್ದಾಗ ಬಿಸಿಲು ನೆತ್ತಿಯ ಕಡೆ ನಡೆದಿತ್ತು. ಇನ್ನು ಮುಂದೆ ಸಾಗಿದೆವು ಎನ್ನುವಷ್ಟರಲ್ಲಿ ಗಾಡಿ ಲೋಂಡಾದ ಕಡೆ ತಿರುಗಿತು. ಅಲ್ಲಿ ಪಾಟೀಲರ ಭಾವಮೈದುನ ಇದ್ದ.

ಅವನ ಮನೆ ಸ್ಟೇಶನ್ನಿನ ಹಿಂದೆ, ಕಾಡು ಅಂಗಳದವರೆಗೆ ಬಂದು ನಿಂತ ಜಾಗದಲ್ಲಿ. ಗೋವಾದ ಗಾಡಿ, ಹುಬ್ಬಳ್ಳಿಯ ಗಾಡಿ, ಒಂದೊಂದೂ ಕೂಗಿದಾಗ ಭಾವಮೈದುನ ಮಾತು ನಿಲ್ಲಿಸಿ, ಗಾಡಿ ಹೋದ ಮೇಲೆ ಅದೇ ಮಾತನ್ನು ಮೊದಲಿನಿಂದ ಶುರು ಮಾಡುತ್ತಿದ್ದ. ನನ್ನ ಮನಸ್ಸಿಗೆ ಆದ ಆನಂದವನ್ನು ಏನೆಂದು ಹೇಳಲಿ! ಪಾಟೀಲರ ಸಮುದ್ರ ಲೋಂಡಾದ ಅಂಗಳದಲ್ಲೇ ಬತ್ತುತ್ತಿತ್ತು. ನಾನು ಒಂದು ಬೆರಳೂ ಎತ್ತಬೇಕಾಗಿರಲಿಲ್ಲ. ಸುಮ್ಮನೆ ಇನ್ನೊಂದು ಕಪ್ ಚಹಾ ಕೇಳಿದ್ದರೆ ಸಾಕಿತ್ತು. ನಿಜ ಹೇಳಬೇಕೆಂದರೆ, ಕೇಳಿದೆ ಕೂಡ.

ಆಗ ಸುಶೀಲಾಳನ್ನು ನೋಡಿದೆ. ಅಂಗಳದ ಗೋಡೆಯ ಮೇಲೆ ಬಿಸಿಲು ಎಲ್ಲಿಗೆ ಬಂದಿದೆ ಎಂದು ನೋಡುತ್ತಿದ್ದಳು. ಗೋಡೆಯಲ್ಲಿ ಒಂದು ಮೊಳೆ ಇತ್ತು. ಅದರ ನೆರಳು ಉದ್ದವಾಗುತ್ತಿತ್ತು. ಅವಳು ಡಬ್ಬಿಯ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಯಾರಿಗೂ ಏನೂ ಹೇಳುವವಳಲ್ಲ. ಪಾಟೀಲರಿಗೂ ಹೇಳಲಿಲ್ಲ, ಅಷ್ಟು ಸಮಾಧಾನ. ಹೇಳದೆಯೇ ವಾಪಸ್ ಬಂದು, ಮತ್ತೆ ಡಬ್ಬಿ ತೊಳೆದು, ಮತ್ತೆ ಬಾಯಿಗೆ ಸೆರಗು ಹಿಡಿಯುವವಳು.

ಅಂಗಿಯೊಳಗಿನಿಂದ ಸೀಟಿ ತೆಗೆದು ಊದಿದೆ.

ಭಾವಮೈದುನ ಅದನ್ನೂ ರೈಲೆಂದು ತಿಳಿದು ಮಾತು ನಿಲ್ಲಿಸಿದ. ಚೌಗುಲೆ ಕಾಕು ಎದ್ದು ನಿಂತರು. ವರ್ಷಗಳ ಅಭ್ಯಾಸ ಕಾಲಲ್ಲಿ ಇರುತ್ತದೆ. "ಪಿರಿಯಡ್ ಮುಗೀತು! ಎಲ್ಲಾರೂ ಗಾಡ್ಯಾಗ! ಸಲೀಮ್, ಗಾಡಿ ಚಾಲೂ ಮಾಡು!" ಎಂದೆ. ಶತ್ರುವಿನ ಮಾನ ಕಾಯಲು ಶತ್ರುವೇ ರಣಕಹಳೆ ಊದಿದ ಪ್ರಸಂಗ ಹಿಂದೆ ನಡೆದದ್ದು ನನಗೆ ಗೊತ್ತಿಲ್ಲ. ಪಾಟೀಲರು ಹತ್ತುವಾಗ ನನ್ನ ಹೆಗಲು ತಟ್ಟಿದರು. "ಬೆಸ್ಟ್ ಕೆಲಸಾ ಮಾಡಿದ್ರಿ ಮಾಸ್ತರ. ನಮ್ಮ ಮಂದಿ ಬಿಡೂದ ಇಲ್ಲ." ಅವರಿಗೆ ಅವಮಾನವೂ ಆಗಲಿಲ್ಲ. ಅವಮಾನವಾಗದ ಮನುಷ್ಯನ ಜೊತೆ ಸ್ಪರ್ಧೆ ಮಾಡುವುದು ಎಂಥ ಶಿಕ್ಷೆ!

ಅನಮೋಡ ಘಾಟು ಇಳಿಯುವಾಗ ಎಲ್ಲರಿಗೂ ನಿದ್ದೆ. ಗಡಿಯಾರ ನೋಡಿಕೊಂಡೆ. ನಾಲ್ಕು ಎಂದೋ ದಾಟಿತ್ತು. ಸಮುದ್ರ ತಲುಪುವ ಹೊತ್ತಿಗೆ ಉಣ್ಣಲು ಸಮಯ ಉಳಿಯುತ್ತದೋ ಇಲ್ಲವೋ. ನಿಯಮ ಎಂದರೆ ನಿಯಮ. ಕೊನೆಯ ಸೀಟಿನಲ್ಲಿ ನಾನು ಡಬ್ಬಿ ತೆಗೆದು, ಶಬ್ದವಾಗದಂತೆ, ದಶಮಿ ಮುಗಿಸಿದೆ. ಮುಂದಿನ ಸೀಟಿನಲ್ಲಿ ಸುಶೀಲಾಳ ತಲೆ ಒಮ್ಮೆ ಇತ್ತ ತಿರುಗಿದಂತಾಯಿತು. ತಿರುವು ಇತ್ತು, ಅದಕ್ಕೇ ಇರಬೇಕು ಎಂದುಕೊಂಡೆ. ಖಾಲಿ ಡಬ್ಬಿಯನ್ನು ಅವಳ ಕಾಲ ಹತ್ತಿರದ ಚೀಲಕ್ಕೆ ತೂರಿಸಿದೆ.

ಮರಳಿಗೆ ಕಾಲಿಟ್ಟಾಗ ಸೂರ್ಯ ನೀರಿನಿಂದ ಒಂದು ಗೇಣು ಮೇಲಿದ್ದ. ಕಿತ್ತಳೆ ಸುಲಿದಿಟ್ಟ ಹಾಗೆ. ಎಲ್ಲರೂ ನಿಂತರು. ಲೆಕ್ಕ ಸುಲಭವಿತ್ತು, ಮಾಸ್ತರ ಬೇಕಾಗಿರಲಿಲ್ಲ: ಇರುವ ಹೊತ್ತಿನಲ್ಲಿ ಉಣ್ಣಬಹುದು, ಇಲ್ಲವೇ ನೋಡಬಹುದು. ಚೌಗುಲೆ ಕಾಕು ಅವಸರದಿಂದ ಚಾದರ ಹಾಸಿದರು. "ಲಗೂನ, ಲಗೂನ! ಎರಡ ತುತ್ತರ ತಿನ್ರಿ!"

ಸುಶೀಲಾ ಚೀಲವನ್ನು ಚಾದರದ ಮೇಲಿಟ್ಟಳು. "ನೀವು ತಿನ್ರಿ ಕಾಕು. ಒಂದ ಹೊತ್ತು ಉಪಾಸ ನಮಗೇನು ಹೊಸಾದೇನ್ರೀ?" ಎಂದು ಹೇಳಿ, ಚಪ್ಪಲಿ ಬಿಟ್ಟು ನೀರಿನ ಕಡೆ ನಡೆದಳು.

ಕಾಕು ಮುಚ್ಚಳ ಅರ್ಧ ತೆಗೆದಿದ್ದರು. ಅವಳ ಬೆನ್ನನ್ನು ನೋಡಿದರು, ಸೂರ್ಯನನ್ನು ನೋಡಿದರು, ಮುಚ್ಚಳ ಮತ್ತೆ ಒತ್ತಿ ಎದ್ದರು. ಒಬ್ಬೊಬ್ಬರಾಗಿ ನಮ್ಮ ಜೈನರೆಲ್ಲ ಎದ್ದರು. ಉಳಿದವರಿಗೆ ಯಾವ ಕಟ್ಟೂ ಇರಲಿಲ್ಲ, ನಡುರಾತ್ರಿಯಲ್ಲೂ ಉಣ್ಣಬಹುದಿತ್ತು. ಪಾಟೀಲರು ದಶಮಿಯ ಸುರುಳಿಯೊಂದನ್ನು ಬಾಯಿಯವರೆಗೆ ಒಯ್ದವರು, ಅದನ್ನು ಡಬ್ಬಿಗೆ ಹಾಕಿ ಮುಚ್ಚಿದರು. "ವೈನಿ ಉಪಾಸ ಇದ್ರ ನಾ ಹ್ಯಾಂಗ ತಿನ್ಲಿ?" ಎಂದು ತಮಗೆ ತಾವೇ ಹೇಳಿಕೊಂಡರು.

ಇದು ನನಗೆ ಹೊಳೆಯಬಾರದಿತ್ತೇ! ನನ್ನ ಹೊಟ್ಟೆಯಲ್ಲಿ ಆಗಲೇ ದಶಮಿ ಕೂತಿತ್ತು.

ಅವಳು ಕಾಲು ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು. ನಾನು ಸೂರ್ಯನನ್ನು ನೋಡಲಿಲ್ಲ. ಪಾಟೀಲರು ಯಾರನ್ನು ನೋಡುತ್ತಾರೆ ಎಂಬುದನ್ನು ನೋಡುತ್ತಿದ್ದೆ. ಅವರು ಸೂರ್ಯನನ್ನೇ ನೋಡುತ್ತಿದ್ದರು. ನಿರಾಶೆಯಾಯಿತು. ಸುಶೀಲಾ ಯಾರ ಕಡೆಯೂ ತಿರುಗಲಿಲ್ಲ. ಕೆಂಪು ಅವಳ ಕೆನ್ನೆಯಿಂದ ಕೊರಳಿಗೆ ಇಳಿಯಿತು, ಕೊರಳಿಂದ ಆರಿಹೋಯಿತು. ಅಲ್ಲಿ ನಿಂತು ನಾನು ಪಾಟೀಲರನ್ನು ಮರೆತು, ಮುಳುಗಿದ ಗ್ರಹಾಧಿಪತಿಯ ಮೇಲೆ ಮತ್ಸರಪಟ್ಟೆ. ಮನುಷ್ಯನ ಮತ್ಸರಕ್ಕೂ ಒಂದು ಎತ್ತರ ಬೇಕು.

"ಹ್ಯಾಂಗಿತ್ತು ವೈನಿ?" ಪಾಟೀಲರು ಕೂಗಿ ಕೇಳಿದರು.

"ಛಲೋ ಇತ್ರಿ," ಎಂದಳು. ಹೊಸ ಹಿಟ್ಟಿನ ಗಿರಣಿಗೂ ಅವಳು ಇದೇ ಮಾತು ಹೇಳಿದ್ದಳು. ನನಗೆ ತುಸು ಜೀವ ಬಂತು.

ವಾಪಸ್ ಬರುವಾಗ ಚಳಿ, ಕಿಟಕಿ ಮುಚ್ಚಿತ್ತು. ತೆರೆಯದ ಡಬ್ಬಿಗಳಿಂದ ಶೇಂಗಾ ಚಟ್ನಿಯ ವಾಸನೆ ಗಾಡಿಯನ್ನೆಲ್ಲ ತುಂಬಿತು. ಎಂಥ ಹಸಿವಿನ ವಾಸನೆ! ಒಬ್ಬರು ಮೂಗು ಮುಚ್ಚಿಕೊಂಡರು, ಒಬ್ಬರು ನಾಳಿನ ಮುಂಜಾನೆಯ ಉಪ್ಪಿಟ್ಟನ್ನು ವರ್ಣಿಸಿ ಬೈಸಿಕೊಂಡರು. ಚೌಗುಲೆ ಕಾಕು ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿ ಜೋಗುಳ ಹಾಡಿದರು. ಗಾಡಿ ಪೂರ್ತಿ ನಗುತ್ತಿತ್ತು. ಎಲ್ಲರ ಹೊಟ್ಟೆ ಒಂದೇ ಆಗಿತ್ತು, ನನ್ನದೊಂದು ಬಿಟ್ಟು. ಹಸಿದವರ ಮೇಲೆ ಉಂಡವನು ಹೊಟ್ಟೆಕಿಚ್ಚು ಪಡುವುದನ್ನು ನೀವು ನೋಡಿರಲಾರಿರಿ. ನಾನು ಕೊನೆಯ ಸೀಟಿನಲ್ಲಿ ಕೂತು ಪಟ್ಟೆ.

ಅನಮೋಡದ ತಿರುವುಗಳು ಶುರುವಾದಾಗ ಸುಶೀಲಾ ಎದ್ದು, ಚೀಲ ಹಿಡಿದು, ನನ್ನ ಬಾಜು ಬಂದು ಕೂತಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ಸಪ್ಪಳ ಆಗ್ತೈತಿ ಅನ್ಕೊಂಡಿದ್ದೆ ನೋಡ್ರಿ."

"ಯಾತರದು?"

"ಸೂರ್ಯಾ ನೀರ ಮುಟ್ಟಿದಾಗ. ಕಾದ ಹಂಚಿನ ಮ್ಯಾಲ ನೀರ ಹೊಡದ್ರ ಚುಂಯ್ ಅಂತೈತಲ್ಲ, ಹಂಗ. ಸಣ್ಣಾಕಿ ಇದ್ದಾಗಿಂದ ಅನ್ಕೊಂಡಿದ್ದೆ. ಏನೂ ಆಗಲಿಲ್ಲ. ಎಷ್ಟ ಮೆತ್ತಗ ಹೋಗಿಬಿಟ್ಟ."

ಸೂರ್ಯನಿಗೂ ಸಮುದ್ರಕ್ಕೂ ಇರುವ ಅಂತರ ನನ್ನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ. ಆ ದಿನ ನಾನು ಮಾಡಿದ ಎರಡನೆಯ ಊಟ ಅದು. ಪಾಟೀಲರಿಗೆ 'ಛಲೋ ಇತ್ತು' ಸಿಕ್ಕಿತ್ತು. ಚುಂಯ್ ಎನ್ನುವುದು ನನಗೆ ಬಂತು.

ಖಾನಾಪುರದಲ್ಲಿ ಗಾಡಿ ತಾನೇ ನಿಂತಿತು. ಅಕ್ಕ ಲಾಟೀನಿನಷ್ಟು ದೊಡ್ಡ ಬ್ಯಾಟರಿ ಹಿಡಿದು ಬಂದು ಕಿಟಕಿಯಿಂದ ಕೇಳಿದರು. "ಊಟ ಆತೇನ್ರೀ ಎಲ್ಲಾರದು?"

"ಇಲ್ಲಕ್ಕಾ," ಎಂದರು ಪಾಟೀಲರು. "ಇವರು ಕತ್ತಲಾದ ಮ್ಯಾಲ ಉಣ್ಣೂದಿಲ್ಲ, ಇವರನ್ನ ಬಿಟ್ಟು ನಾವ ಉಣ್ಣೂದಿಲ್ಲ. ಇಡೀ ಗಾಡಿ ಉಪಾಸ."

"ಅಯ್ಯ ದೇವಾ!" ಅಕ್ಕ ಬ್ಯಾಟರಿಯ ಬೆಳಕನ್ನು ಒಂದೊಂದೇ ಹಸಿದ ಮುಖದ ಮೇಲೆ ಆಡಿಸಿದರು. ಬೆಳಕು ಹಿಂದೆ ಹಿಂದೆ ಬಂದು ಕಡೆಗೆ ನನ್ನ ಮೇಲೆ ನಿಂತಿತು. "ಮಾಸ್ತರ, ನೀವೂ ಏನ? ನಿಮಗೂ ಹಸಿವ್ಯಾಗೈತಿ?"

ಗಾಡಿಯೆಲ್ಲ ತಿರುಗಿ ನೋಡಿತು.

"ಭಾಳ ಹಸಿವ್ಯಾಗೈತ್ರಿ ಅಕ್ಕಾ," ಎಂದೆ.

ಸುಶೀಲಾಳ ತೊಡೆಯ ಮೇಲೆ ಡಬ್ಬಿಗಳ ಚೀಲವಿತ್ತು. ಎರಡು ಡಬ್ಬಿ. ಅವಳು ನನ್ನದನ್ನು ಚೀಲದ ಮೇಲಿಂದಲೇ ಒಮ್ಮೆ ಎತ್ತಿ ತೂಗಿದಳು, ಕೆಳಗಿಟ್ಟಳು.

"ಹೌದ್ರಿ ಅಕ್ಕಾ," ಎಂದಳು, "ಇವರದು ಎಲ್ಲಾರಕಿಂತ ಜಾಸ್ತಿ."

ಎಂದು ನಕ್ಕಳು. ಬ್ಯಾಟರಿಯ ಬೆಳಕಿನಲ್ಲಿ ಎಡಗಡೆಯ ಹಲ್ಲು ಕಂಡಿತು. ಸೆರಗು ಸೊಂಟದಲ್ಲೇ ಇತ್ತು.